ಹದ್ದಿನ ಬಾಲದ ಎಂಟನೆಯ ಗರಿ

ಇಪ್ಪತ್ತಾರನೆಯ ವಯಸ್ಸಿಗೆ ನಿವೃತ್ತನಾದವನು ನಮ್ಮ ಇಳಕಲ್ಲಿನಲ್ಲಿ ನಾನೊಬ್ಬನೇ ಇರಬೇಕು. ನಾನು ಕೆಲಸ ಬಿಟ್ಟವನಲ್ಲ, ನನ್ನನ್ನು ಯಾರೂ ತೆಗೆದೂ ಇಲ್ಲ. ಕೆಲಸವೇ ಮುಗಿದುಹೋಯಿತು. ಬಾಗಲಕೋಟೆಯ ವಕೀಲ ಶೇಷಗಿರಿರಾಯರ ಮನೆಯಲ್ಲಿ ಜೂನ್ ೧೯೫೧ರಿಂದ ಏಪ್ರಿಲ್ ೧೯೫೮ರವರೆಗೆ, ಆರು ವರ್ಷ ಹತ್ತು ತಿಂಗಳು, ಅಮೆರಿಕದ ಹಳೆಯ ನಾಣ್ಯಗಳನ್ನು ಗುರುತಿಸಿ ಬರೆದಿಡುವುದು ನನ್ನ ಉದ್ಯೋಗವಾಗಿತ್ತು. ಸೇರಿದ ದಿನ ೨೧೧ ನಾಣ್ಯಗಳಿದ್ದವು, ಬಿಟ್ಟ ದಿನ ೩೪೭.

ಈಗ ಆ ಸಂಗ್ರಹ ಧಾರವಾಡದಲ್ಲಿರುವ ರಾಯರ ಅಳಿಯನ ಕೈಗೆ ಹೋಗಿದೆ. ಅದನ್ನು ನೋಡಿಕೊಳ್ಳಲು ತುಳಸಿಗೇರಿಯ ತರುಣನೊಬ್ಬನನ್ನು ನೇಮಿಸಿದ್ದಾರೆ. ಅವನು ನನಗೆ ಕಾರ್ಡು ಬರೆದು, ‘ಈ ಕೆಲಸಕ್ಕೆ ಏನು ಕಲಿತುಕೊಂಡು ಹೋಗಬೇಕು’ ಎಂದು ಕೇಳಿದ್ದಾನೆ. ಕಾರ್ಡಿನಲ್ಲಿ ಉತ್ತರ ಹಿಡಿಸುವುದಿಲ್ಲವೆಂದು, ನನ್ನ ಏಳು ಡೈರಿಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನನ್ನು ಹೇಗೆ ಆರಿಸಿದರು ಎಂಬುದು. ಇಂಗ್ಲಿಷ್ ಬಲ್ಲ ಇಬ್ಬರು ಮೆಟ್ರಿಕ್ ಹುಡುಗರನ್ನು ಬಿಟ್ಟು ರಾಯರು ನೇಕಾರರ ಮಗನಾದ ನನ್ನನ್ನು ಒಳಗೆ ಕರೆದರು. ಮನೆಯೊಳಗಿಂದ ಒಂದು ಸೀರೆ ತರಿಸಿ, ಅಂಚಿನ ಮೇಲೆ ಎರಡು ಬೆರಳಿಟ್ಟು ಕೇಳಿದರು:

“ಇದರ ನಡುವ ಎಷ್ಟು ಎಳಿ ಅವ?”

ಬಾಗಿ ನೋಡಿ ಎಣಿಸಿದೆ. “ನಲವತ್ತು ಅದಾವ್ರಿ.”

ರಾಯರು ಮಸೂರ ಹಿಡಿದು ಬಹಳ ಹೊತ್ತು ಎಣಿಸಿದರು. “ನಲವತ್ತೊಂದು. ಒಂದು ಎಲ್ಲಿ ಹೋತು?”

“ಅಂಚಿನ ಮೊದಲನೇ ಎಳಿ ಬನಶಂಕರೀದ್ರಿ. ನಮ್ಮ ಮನ್ಯಾಗ ಅದನ್ನ ಮುಟ್ಟಿ ಬಿಡ್ತೇವ್ರಿ, ಎಣಸೂದಿಲ್ಲ. ನಮ್ಮಪ್ಪ ಹಂಗ ಕಲಿಸ್ಯಾನ್ರಿ.”

ರಾಯರು ನಕ್ಕರು. ಮಸೂರವಿಲ್ಲದೆ ಎಣಿಸಿದ ಕಣ್ಣು ಅವರಿಗೆ ಹಿಡಿಸಿತ್ತು. “ಛಂದ ಆತು. ನಾಳೆ ಬಾ. ಆದರ ಒಂದು ಕರಾರು. ಇಲ್ಲಿ ಹದ್ದಿನ ಗರಿ ಯಾವ ದೇವರಿಗೂ ಬಿಡಬ್ಯಾಡ. ಎಲ್ಲಾ ನನಗ ಬೇಕು.”

ಹದ್ದಿನ ಗರಿ ಎಂದರೇನು ಎಂಬುದು ಮರುದಿನ ತಿಳಿಯಿತು. ಹತ್ತಿ ವ್ಯಾಪಾರದ ಕಕ್ಷಿದಾರನೊಬ್ಬ ಬಹಳ ಹಿಂದೆ ರಾಯರಿಗೆ ಫೀಸಿನ ಬದಲು ಒಂದು ಚೀಲ ಬೆಳ್ಳಿ ಡಾಲರು ಕೊಟ್ಟು ಹೋಗಿದ್ದನಂತೆ. ಆಗ ಹತ್ತಿದ ಹುಚ್ಚು. ಮುಂಬಯಿಯ ಬೆಳ್ಳಿ ಬಜಾರಿಗೆ ಕರಗಿಸಲು ಬರುತ್ತಿದ್ದ ಗಂಟುಗಳಿಂದ ಆರಿಸಿ ತರಿಸುತ್ತಿದ್ದರು. ಡಾಲರಿನ ಒಂದು ಮುಖಕ್ಕೆ ಹೆಣ್ಣುಮಗಳ ತಲೆ, ಇನ್ನೊಂದಕ್ಕೆ ರೆಕ್ಕೆ ಬಿಚ್ಚಿದ ಹದ್ದು.

“ಈಕಿ ಯಾವ ರಾಣಿ ರೀ?” ಎಂದೆ.

“ಆ ದೇಶಕ್ಕ ರಾಣಿ ಇಲ್ಲ. ಈಕಿ ಸ್ವಾತಂತ್ರ್ಯದೇವಿ. ಈಕಿದು ಬಿಡು, ಹಿಂದಿನ ಹಕ್ಕಿ ನೋಡು. ಹದಿನೆಂಟುನೂರಾ ಎಪ್ಪತ್ತೆಂಟರಾಗ ಈ ಡಾಲರು ಶುರು ಆದಾಗ ಹದ್ದಿನ ಬಾಲಕ್ಕ ಎಂಟು ಗರಿ ಇದ್ದವು. ಹದ್ದಿನ ಬಾಲದಾಗ ಬೆಸ ಸಂಖ್ಯೆ ಇರಬೇಕು ಅಂತ ಯಾರೋ ತಕರಾರು ತೆಗದ್ರು. ಸ್ವಲ್ಪ ದಿವಸದಾಗ ಏಳು ಮಾಡಿದ್ರು. ಅಲ್ಲಿಂದ ಮುಂದ ಎಲ್ಲಾ ಏಳೇ.”

“ಹದ್ದು ಏನೂ ಅನ್ನಲಿಲ್ಲೇನ್ರಿ?”

“ಅದಕ್ಕ ವಕೀಲ ಸಿಕ್ಕಿರಲಿಲ್ಲ.”

ರಾಯರ ಬಳಿ ಏಳು ಗರಿಯವು ಬೇಕಾದಷ್ಟಿದ್ದವು. ಎಂಟು ಗರಿಯದು ಒಂದೂ ಇರಲಿಲ್ಲ. ಅಮೆರಿಕದಿಂದ ತರಿಸಿದ ಪಟ್ಟಿಯ ಪುಸ್ತಕದಲ್ಲಿ ಅದರ ಚಿತ್ರವಿದ್ದ ಪುಟ ಬೆರಳಾಡಿಸಿ ಆಡಿಸಿ ಕಪ್ಪಾಗಿತ್ತು.

ಇನ್ನು ನನ್ನ ತಪ್ಪುಗಳು. ಮೊದಲನೆಯದು ಸೇರಿದ ಮೂರನೆಯ ದಿನ. ಹದಿನಾಲ್ಕು ಡಾಲರು ನೋಡಿ, ಹದಿನಾಲ್ಕರ ಮುಂದೆಯೂ ‘ಹದ್ದು ತಲೆಕೆಳಗು, ಟಂಕಸಾಲೆಯ ದೋಷ’ ಎಂದು ಬರೆದೆ. ನಮ್ಮ ರೂಪಾಯಿಯನ್ನು ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂಬದಿ ನೆಟ್ಟಗಿರುತ್ತದೆ. ಅಮೆರಿಕದ ನಾಣ್ಯವನ್ನು ಕೆಳಗಿನಿಂದ ಮೇಲಕ್ಕೆ ಮಗುಚಬೇಕು. ಇದು ನನಗೆ ಗೊತ್ತಿರಲಿಲ್ಲ. ರಾಯರು ಪಟ್ಟಿ ಓದಿ, “ಈರಣ್ಣ, ಇಡೀ ಅಮೆರಿಕಾನ ತಲಿಕೆಳಗ ಮಾಡಿಟ್ಟೀಯಲ್ಲಪಾ,” ಎಂದರು. ಬಳಿಕ ಆರು ತಿಂಗಳು ಬಂದವರಿಗೆಲ್ಲ ಅದನ್ನೇ ಹೇಳಿದರು.

ಎರಡನೆಯದು ಅದೇ ವರ್ಷದ ದೀಪಾವಳಿಗೆ. ನಮ್ಮ ಕಡೆ ಬೆಳ್ಳಿ ಕಪ್ಪಾದರೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಹಬ್ಬದ ಮುಂದೆ ಯಜಮಾನರಿಗೆ ಸಂತೋಷವಾಗಲೆಂದು ಒಂಬತ್ತು ಡಾಲರು ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ತಿಕ್ಕಿ ಬಿಸಿಲಿಗಿಟ್ಟೆ. ಕನ್ನಡಿಯಂತೆ ಹೊಳೆಯುತ್ತಿದ್ದವು. ರಾಯರು ಅಂಗಳಕ್ಕೆ ಬಂದು ನೋಡಿ ಕಟ್ಟೆಯ ಮೇಲೆ ಕುಳಿತರು. ಹಳೆಯ ನಾಣ್ಯದ ಕಪ್ಪೇ ಅದರ ವಯಸ್ಸು. ತಿಕ್ಕಿದರೆ ಮುದುಕನಿಗೆ ಮದುವೆಯ ಶೃಂಗಾರ ಮಾಡಿದಂತೆ ಎಂದು ಆಮೇಲೆ ತಿಳಿಸಿದರು. ಬೈಯಲಿಲ್ಲ. ಆ ಒಂಬತ್ತರ ಮುಂದೆ ‘ಹುಣಸೆಹಣ್ಣು ಉಂಡದ್ದು’ ಎಂದು ನನ್ನ ಕೈಯಿಂದಲೇ ಬರೆಸಿದರು. ಪಟ್ಟಿಯಲ್ಲಿ ಇಂದಿಗೂ ಹಾಗೆಯೇ ಇದೆ. ತುಳಸಿಗೇರಿಯ ತಮ್ಮ ಅದನ್ನು ಓದಿ ಗಾಬರಿಯಾಗಬಾರದು.

ಖೊಟ್ಟಿ ನಾಣ್ಯ ತರುವವರೂ ಇದ್ದರು. ಗುಡೂರಿನಿಂದ ಒಬ್ಬ ರೈತ ಬಂದ. ರಾಯರಿಗೆ ಎಂಟು ಗರಿಯದು ಬೇಕಾಗಿದೆ ಎಂಬ ಸುದ್ದಿ ಅವನಿಗೆ ಮುಟ್ಟಿತ್ತು. ಯಾರೋ ಅಚ್ಚು ಹಾಕಿಕೊಟ್ಟ ಡಾಲರನ್ನು ಅವನು ಬಹಳ ವಿಶ್ವಾಸದಿಂದ ನನ್ನ ಕೈಗಿಟ್ಟ. ಎಣಿಸಿದೆ.

“ಹನ್ನೊಂದು ಗರಿ ಅದಾವಲ್ಲೋ ಕಾಕಾ.”

“ಎಂಟಕ್ಕಿಂತ ಹೆಚ್ಚಿಗೇನ ಐತಲ್ಲ. ಇನ್ನೂ ಛಲೋ.”

ರಾಯರು ಅದನ್ನು ಕಲ್ಲಿನ ಮೇಲೆ ಬಾರಿಸಿ ಸಪ್ಪಳ ಕೇಳಿದರು. ಬೆಳ್ಳಿ ಹಾಡುತ್ತದೆ, ಇದು ಕೆಮ್ಮಿತು. “ಇದು ಹದ್ದಲ್ಲೋ, ನವಿಲು,” ಎಂದು ಹೇಳಿ ಅವನಿಗೆ ಊಟ ಹಾಕಿಸಿ ಕಳಿಸಿದರು.

ಕೆಲಸದ ರೀತಿಯೂ ಬದಲಾಗುತ್ತ ಹೋಯಿತು. ಮೊದಲು ಕಣ್ಣು ಮತ್ತು ಮಸೂರ. ಆಮೇಲೆ ಅರಗಿನಲ್ಲಿ ಅಚ್ಚು ತೆಗೆದು ಎರಡನ್ನು ಪಕ್ಕಪಕ್ಕ ಇಟ್ಟು ನೋಡುವುದು. ೧೯೫೪ರಲ್ಲಿ ಫೋಟೋ ತೆಗೆಸುವ ಹುರುಪು ಬಂತು. ಬಾಗಲಕೋಟೆಯ ಫೋಟೋದವನು ದೇವಿಯ ಮುಖ ಮಿಂಚುತ್ತದೆಂದು ಮದುಮಕ್ಕಳಿಗೆ ಹಚ್ಚುವ ಪೌಡರು ಹಚ್ಚಿಬಿಟ್ಟ. ಆರು ಫೋಟೋಗಳಲ್ಲಿ ಗರಿ ಕಾಣಲಿಲ್ಲ, ಪೌಡರು ಕಂಡಿತು. ಕಣ್ಣಿಗೇ ಮರಳಿದೆವು.

ಆದರೆ ಅಷ್ಟು ಹೊತ್ತಿಗೆ ರಾಯರ ಕಣ್ಣು ಹೋಗತೊಡಗಿತ್ತು. ಎರಡೂ ಕಣ್ಣಿಗೆ ಸುತ್ತ ಕತ್ತಲೆ, ನಡುವೆ ಮಾತ್ರ ಬೆಳಕು. “ಕೊಳವಿಯೊಳಗಿಂದ ನೋಡಿದಂಗ ಆಗ್ತದ. ದಿವಸಾ ಕೊಳವಿ ಸಣ್ಣದಾಗ್ಲಿಕ್ಕೆ ಹತ್ತೇದ,” ಎನ್ನುತ್ತಿದ್ದರು. ೧೯೫೭ರ ಕೊನೆಗೆ ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಸ್ಪಷ್ಟವಾಗಿ ಹೇಳಿಬಿಟ್ಟರು: ಇದಕ್ಕೆ ಆಪರೇಶನ್ ಇಲ್ಲ, ಮುಂದಿನ ಮಳೆಗಾಲದ ಹೊತ್ತಿಗೆ ಏನೂ ಕಾಣಿಸಲಿಕ್ಕಿಲ್ಲ. ರಾಯರು ಮನೆಗೆ ಬಂದು ನನಗೆ ಹೇಳಿದ್ದು ಒಂದೇ ಮಾತು.

“ಎಂಟು ಗರಿ ಎಣಿಸಿ ಕಣ್ಣು ಮುಚ್ಚಬೇಕು ಅಂದಿದ್ದೆ. ಕಣ್ಣು ಮೊದಲ ಮುಚ್ಚೂ ಹಂಗ ಕಾಣ್ತದ.”

ಅಂದಿನಿಂದ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ನಕಲು ಮಾಡತೊಡಗಿದೆ, ಅವರು ಕಣ್ಣಿರುವಷ್ಟು ದಿನ ಓದಲಿ ಎಂದು. ಫೆಬ್ರುವರಿಯ ಒಂದು ಮಧ್ಯಾಹ್ನ ೧೯೫೫ರ ಮೇ ತಿಂಗಳ ಪುಟಕ್ಕೆ ಬಂದೆ. ಒಂದು ಸೋಮವಾರದ ಕೆಳಗೆ ಮೂರು ನಾಣ್ಯಗಳಿದ್ದವು. ಮೊದಲನೆಯದು ೧೮೮೩ರದು, ಗರಿ ಆರು. ಎರಡನೆಯದು ೧೮೮೯ರದು, ಗರಿ ಆರು. ಎರಡರ ಮುಂದೆಯೂ ‘ಸವೆದಿರಬೇಕು’ ಎಂದು ಬರೆದಿದ್ದೆ. ಮೂರನೆಯದು ೧೮೭೮ರದು, ಗರಿ ಏಳು. ಅದರ ಮುಂದೆ ‘ಇಂಥವು ನಾಲ್ಕು ಇವೆ, ಹೆಚ್ಚಿನದು’.

ಪೆನ್ನು ಕೆಳಗಿಟ್ಟೆ. ಆರು ಗರಿಯ ಹದ್ದು ಅಮೆರಿಕದಲ್ಲಿ ಎಂದೂ ಹುಟ್ಟಿಲ್ಲ. ಸವೆದರೆ ಎಲ್ಲ ಗರಿಗಳೂ ಸವೆಯುತ್ತವೆ, ಒಂದೇ ಗರಿ ಉದುರುವುದಿಲ್ಲ. ನನ್ನ ಸ್ವಂತ ಡೈರಿ ತೆಗೆದು ಅದೇ ತಾರೀಖು ನೋಡಿದೆ. ‘ಅಪ್ಪನ ಕೈ ಉಳುಕಿದ್ದರಿಂದ ಎಂಟು ದಿನ ಇಳಕಲ್ಲಿನಲ್ಲಿ ಮಗ್ಗದ ಮುಂದೆ. ಹಾಸಿನ ಎಳೆ ಎಣಿಸಿದ್ದೇ ಎಣಿಸಿದ್ದು. ಇಂದು ಬಸ್ಸಿಳಿದು ನೇರವಾಗಿ ಕೆಲಸಕ್ಕೆ.’

ನನ್ನ ಕೈ ಇನ್ನೂ ಮಗ್ಗದಲ್ಲೇ ಇತ್ತು. ಅಂದು ಮೂರೂ ಬಾಲಗಳಲ್ಲಿ ಅಂಚಿನ ಮೊದಲ ಗರಿಯನ್ನು ಮುಟ್ಟಿ, ಬನಶಂಕರಿಗೆ ಬಿಟ್ಟು, ಎರಡನೆಯದರಿಂದ ಎಣಿಸಿದ್ದೆ. ಆರು ಎಂದದ್ದು ಏಳು. ಏಳು ಎಂದದ್ದು ಎಂಟು. ರಾಯರು ಮೂವತ್ತು ವರ್ಷ ಹುಡುಕಿದ ನಾಣ್ಯ ಅವರ ಮನೆಗೇ ಬಂದಿತ್ತು. ನಾನು ಅದನ್ನು ಹೆಚ್ಚಿನದು ಎಂದು ಬರೆದಿದ್ದೆ.

ಹೆಚ್ಚಿನವು ಏನಾಗುತ್ತಿದ್ದವು ಎಂದರೆ, ರಾಯರು ಅವನ್ನು ಪರಿಚಯದವರ ಮದುವೆಗಳಲ್ಲಿ ಉಡುಗೊರೆಯಾಗಿ ಕೊಡುತ್ತಿದ್ದರು. ಅದನ್ನೂ ನಾನೇ ಬರೆದಿಡುತ್ತಿದ್ದೆ. ಈ ನಾಣ್ಯ ಅದೇ ವಾರ ಹುನಗುಂದದ ಭೀಮಾಚಾರ್ ಮಾಸ್ತರರ ಮಗಳು ಸುಮಿತ್ರಾಳ ಮದುವೆಗೆ ಹೋಗಿತ್ತು.

ಮುಚ್ಚಿಡಬಹುದಿತ್ತು. ಒಂದು ದಿನ ಮುಚ್ಚಿಟ್ಟೆ ಕೂಡ. ಆ ದಿನ ನಾನು ಒಂದೂ ನಾಣ್ಯ ನೋಡಲಿಲ್ಲ ಎಂದು ಡೈರಿಯಲ್ಲಿದೆ. ಮರುದಿನ ಬೆಳಿಗ್ಗೆ ಪುಟ ತೆರೆದು ರಾಯರ ಮುಂದಿಟ್ಟು ಎಲ್ಲ ಹೇಳಿದೆ. ಅವರು ಕೊಳವೆಯ ಕಣ್ಣಿನಿಂದ ಆ ಮೂರು ಸಾಲುಗಳನ್ನು ಓದಿದರು.

“ಕರಾರು ಏನಿತ್ತೋ?”

“ಯಾವ ದೇವರಿಗೂ ಬಿಡಬಾರದು ಅಂತ ಇತ್ರಿ.”

“ಬನಶಂಕರಿ ಒಂದು ಗರಿ ಒಯ್ದು ಇಡೀ ಹದ್ದನ್ನ ಹಾರಿಸಿಬಿಟ್ಲು,” ಎಂದರು. ಪುಸ್ತಕ ಮುಚ್ಚುತ್ತ, “ಹೋಗಿ ನೋಡಿ ಬಾ. ಬೇಡಬ್ಯಾಡ. ಕೊಟ್ಟ ಉಡುಗೊರೆ ವಾಪಸ್ ಕೇಳೋ ವಂಶ ನಮ್ಮದಲ್ಲ. ಎಣಿಸಿ ಬಾ, ಅಷ್ಟ,” ಎಂದರು.

ಹುನಗುಂದಕ್ಕೆ ಹೋದೆ. ಮಾಸ್ತರರು ಜಗುಲಿಯಲ್ಲಿ ಕುಳಿತು ಮಕ್ಕಳ ಕಾಪಿ ತಿದ್ದುತ್ತಿದ್ದರು. ಮೂರು ವರ್ಷದ ಹಿಂದಿನ ಉಡುಗೊರೆಯ ಮಾತೆತ್ತಿದ ಕೂಡಲೇ ಕೆಂಪು ಮಸಿಯ ಪೆನ್ನು ನಿಂತಿತು.

“ರಾಯರು ವಾಪಸ್ ಕೇಳ್ಯಾರೇನು?”

“ಇಲ್ರಿ. ಹಕ್ಕಿ ಬಾಲದ ಗರಿ ಎಣಿಸಿ ಬಾ ಅಂದಾರ್ರಿ.”

ಮಾಸ್ತರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ವಾಪಸ್ ಕೇಳಿದ್ರ ತಿಳೀತಿತ್ತು. ಇದು ತಿಳೀಲಿಲ್ಲ.” ಕಾಪಿಯ ಹಿಂದೆ ಹದ್ದು ಬರೆದು ತೋರಿಸಿದೆ. ಅವರು ಅಭ್ಯಾಸಬಲದಿಂದ ಅದಕ್ಕೆ ಹತ್ತರಲ್ಲಿ ನಾಲ್ಕು ಅಂಕ ಹಾಕಿ, ನಾಣ್ಯ ಮಗಳ ಜತೆಗೆ ಅವಳ ಗಂಡನ ಮನೆಗೆ, ಬಾದಾಮಿಗೆ ಹೋಗಿದೆ ಎಂದರು. ಅಲ್ಲಿ ಅವಳ ಅತ್ತೆ ತುಂಗಕ್ಕನ ಕೈಯಲ್ಲಿ ಎಲ್ಲವೂ ಇದೆಯಂತೆ. “ಆಕೀ ಮುಂದ ಭಾಳ ಮಾತಾಡಬ್ಯಾಡ. ನಾ ಮಾಸ್ತರ, ನನಗ ಆಕಿ ಲೆಕ್ಕಾ ಕಲಿಸ್ಯಾಳ.”

ಬಾದಾಮಿ ಸ್ಟೇಶನ್ನಿನಿಂದ ಊರಿಗೆ ಟಾಂಗಾದಲ್ಲಿ ಹೋದೆ. ದಾರಿಯಲ್ಲೆಲ್ಲ ಒಂದೇ ಚಿಂತೆ: ಅಕ್ಕಸಾಲಿಗ ಅದಕ್ಕೆ ಕೊಂಡಿ ಬೆಸೆದು ಬಾಲ ಮುಚ್ಚಿದ್ದರೆ? ಕರಗಿಸಿ ಕಾಲುಂಗುರ ಮಾಡಿದ್ದರೆ?

ಹಾಗಾಗಿರಲಿಲ್ಲ. ನಾಣ್ಯ ದೇವರ ಜಗುಲಿ ಏರಿತ್ತು. ತುಂಗಕ್ಕ ಎಪ್ಪತ್ತರ ಹತ್ತಿರದವರು, ಮಡಿಯಲ್ಲಿದ್ದರು. ಬಾಗಿಲ ಆಚೆಯೇ ನನ್ನನ್ನು ನಿಲ್ಲಿಸಿ, ತಟ್ಟೆಯಲ್ಲಿ ತಂದು ದೂರದಿಂದ ತೋರಿಸಿದರು. ದೇವಿಯ ಹಣೆಗೆ ಕುಂಕುಮ, ಹದ್ದಿಗೆ ಗಂಧ.

“ಒಂದು ಕಡೆ ಲಕ್ಷ್ಮಿ, ಇನ್ನೊಂದು ಕಡೆ ಆಕಿ ಗಂಡನ ಗರುಡ. ನಿಮ್ಮ ರಾಯರು ಭಾಳ ವಿಚಾರ ಮಾಡಿ ಕೊಟ್ಟಾರ. ಶುಕ್ರವಾರಕ್ಕೊಮ್ಮೆ ಹುಣಸಿಹಣ್ಣು ಹಚ್ಚಿ ಬೆಳಗ್ತೇನಿ.”

ಹೆಚ್ಚುಕಡಿಮೆ ನೂರ ಐವತ್ತು ಶುಕ್ರವಾರ, ಎಂದು ಮನಸ್ಸು ಲೆಕ್ಕ ಹಾಕಿತು.

“ಸುತ್ತಲೂ ಏನೋ ಬರದಾರಲ್ಲ, ಅದು ಯಾವ ಸ್ತೋತ್ರ? ನಿನಗ ಓದ್ಲಿಕ್ಕೆ ಬರ್ತದೇನು?”

ಸುಳ್ಳು ಹೇಳಬೇಕಾಗಿ ಬರಲಿಲ್ಲ. “ಗರುಡನ ತಲಿ ಮ್ಯಾಲೆ, ನಾವು ದೇವರ ಮ್ಯಾಲೆ ಭರೋಸೆ ಇಟ್ಟೇವಿ ಅಂತ ಬರದಾರ್ರಿ ಅವ್ವಾರ.”

“ನೋಡು, ನಾ ಅಂದಿದ್ದೆ,” ಎಂದು ಒಳಗೆ ಸೊಸೆಗೆ ಕೇಳುವಂತೆ ಹೇಳಿದರು.

ನಾನು ಮುಟ್ಟುವಂತಿರಲಿಲ್ಲ. ಗರಿಯನ್ನು ಅವರೇ ಎಣಿಸಬೇಕಾಯಿತು. ನನ್ನ ಮಸೂರವನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದೆ. ತುಂಗಕ್ಕ ಮಸೂರಕ್ಕೆ ಎರಡು ತಂಬಿಗೆ ನೀರು ಹಾಕಿ ಸ್ನಾನ ಮಾಡಿಸಿ ಕೈಗೆತ್ತಿಕೊಂಡರು. ಗಂಧ ಒರೆಸಿ, ಬಾಲಕ್ಕೆ ಒಂದು ದರ್ಭೆಯ ಕಡ್ಡಿ ಹಿಡಿದು ಎಣಿಸತೊಡಗಿದರು. ಜೋಳ ಅಳೆಯುವಾಗ ನಮ್ಮಲ್ಲಿ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅದೇ ರಾಗದಲ್ಲಿ:

“ಲಾಭ… ಎರಡು… ಮೂರು…”

ಕಡ್ಡಿ ಬಾಲದ ಆ ತುದಿ ಮುಟ್ಟಿದಾಗ “ಎಂಟು” ಎಂದರು.

ನನಗೆ ನಂಬಿಕೆಯಾಗಲಿಲ್ಲ. “ಅವ್ವಾರ, ಲಾಭ ಲೆಕ್ಕದಾಗ ಸೇರೇತೇನ್ರಿ?”

“ಲಾಭ ಬಿಟ್ಟು ಎಣಸವ್ರು ಯಾರರ ಇರ್ತಾರೇನೋ?”

“ನಮ್ಮ ಮನ್ಯಾಗ ಅದಾರ್ರಿ.”

ರಾಯರ ಕಣ್ಣಿನ ಸ್ಥಿತಿ ಹೇಳಿ, ಎರಡು ದಿನಕ್ಕೆ ಒಯ್ದು ತೋರಿಸಿ ತರಲೇ ಎಂದು ಕೇಳಿಯೇಬಿಟ್ಟೆ. ಬೇಡಬಾರದೆಂದು ಹೇಳಿದ್ದರು, ಇದು ನನ್ನ ಮೂರನೆಯ ತಪ್ಪು ಎಂದು ಬರೆದುಕೊಳ್ಳಿ. ತುಂಗಕ್ಕ ತಲೆ ಅಲ್ಲಾಡಿಸಿದರು.

“ಕೂಡಿಸಿದ ಲಕ್ಷ್ಮೀನ್ನ ಎಬ್ಬಿಸಿ ಉಗಿಬಂಡ್ಯಾಗ ಕಳಸ್ಲಿಕ್ಕೆ ಆಗೂದಿಲ್ಲ. ರಾಯರಿಗೆ ಬರ್ಲಿಕ್ಕೆ ಹೇಳು. ಲಗೂನ ಹೇಳು.”

ಏಪ್ರಿಲ್ ತಿಂಗಳ ಒಂದು ಗುರುವಾರ ರಾಯರನ್ನು ಕರೆದುಕೊಂಡು ಬಾದಾಮಿಗೆ ಹೋದೆ. ಅಷ್ಟರೊಳಗೆ ಅವರಿಗೆ ಮಟ ಮಟ ಮಧ್ಯಾಹ್ನದ ಬಿಸಿಲಿನಲ್ಲಿ ಮಾತ್ರ ಸಣ್ಣ ವಸ್ತು ಕಾಣುತ್ತಿತ್ತು. ಹನ್ನೆರಡಕ್ಕೆ ಮನೆ ಮುಟ್ಟಿದೆವು. ರಾಯರು ಬಾವಿಯ ನೀರು ಹಾಕಿಕೊಂಡು ಒದ್ದೆ ಪಂಚೆಯಲ್ಲೇ ಅಂಗಳದ ನಡುವೆ ಮಣೆಯ ಮೇಲೆ ಕುಳಿತರು. ಎದುರಿನ ಮಣೆಯ ಮೇಲೆ ತುಂಗಕ್ಕ ನಾಣ್ಯ ತಂದಿಟ್ಟರು, ಹದ್ದು ಮೇಲೆ. ಬಿಸಿಲು ನೇರವಾಗಿ ಬೀಳುತ್ತಿತ್ತು. ನಾನು ಹೊರಬಾಗಿಲ ಹತ್ತಿರ ನಿಂತಿದ್ದೆ.

ರಾಯರು ಮೊದಲು ಅದರ ಹೊಳಪು ನೋಡಿದರು. “ಹುಣಸಿಹಣ್ಣು ಭಾಳ ಉಂಡದ,” ಎಂದರು. ಆಮೇಲೆ ಮಸೂರ ಹಿಡಿದು ಬಾಗಿದರು. ಒಂದೊಂದೇ ಗರಿಗೆ ಉಗುರು ಹಚ್ಚುತ್ತ ಎಣಿಸಿದರು. ಒಂದು. ಎರಡು. ಮೂರು. ನಾಲ್ಕು. ಐದು. ಆರು. ಏಳು.

ಉಗುರು ನಿಂತಿತು. ಮುಂದೆ ಏನೂ ಇರಲಿಲ್ಲ.

ಅವರು ಮಸೂರ ಕೆಳಗಿಟ್ಟರು. ನನ್ನ ಕಡೆ ತಿರುಗಲಿಲ್ಲ. “ಏಳು, ಈರಣ್ಣ,” ಎಂದರು. ಬೇಸರವಿಲ್ಲದ ದನಿ, ಕೋರ್ಟಿನಲ್ಲಿ ಸೋತ ದಿನ ಕಕ್ಷಿದಾರನಿಗೆ ಹೇಳುವ ದನಿ. ಹಾಗಾದರೆ ಮುದುಕಿ ತಪ್ಪು ಎಣಿಸಿದ್ದರು, ನಾನು ಮೊದಲು ಸರಿಯಾಗಿಯೇ ಎಣಿಸಿದ್ದೆ, ಕುರುಡಾಗುತ್ತಿರುವವರೊಬ್ಬರನ್ನು ಬಿಸಿಲಲ್ಲಿ ಇಷ್ಟು ದೂರ ತಂದಿದ್ದೆ.

ತುಂಗಕ್ಕ ಕಂಬಕ್ಕೆ ಆತು ನೋಡುತ್ತಿದ್ದರು. “ರಾಯರ,” ಎಂದರು, “ಎಲ್ಲಿಂದ ಶುರು ಮಾಡಿದ್ರಿ? ಉಗುರು ಅಂಚಿಗೆ ಹತ್ತಲೇ ಇಲ್ಲ. ಲಾಭಾ ಬಿಟ್ಟೀರಿ.”

ಆಗ ನನಗೆ ಹೊಳೆಯಿತು. ಅವರ ಕೊಳವೆಯಲ್ಲಿ ಇಡೀ ಬಾಲ ಹಿಡಿಸುತ್ತಿರಲಿಲ್ಲ. ಅಂಚಿನ ಗರಿ ಕತ್ತಲೆಯಲ್ಲಿತ್ತು. ಅವರಿಗೂ ಹೊಳೆದಿರಬೇಕು. ಮಸೂರ ಮತ್ತೆ ಎತ್ತಿ, ತಲೆಯನ್ನು ಕೋಳಿಯಂತೆ ಒಂದಿಷ್ಟು ಒಂದಿಷ್ಟು ಎಡಕ್ಕೆ ಸರಿಸುತ್ತ ಹೋದರು. ಒಂದೆಡೆ ನಿಂತರು. ಉಗುರು ಅಂಚಿಗೆ ಹೋಯಿತು.

“ಲಾಭ,” ಎಂದರು ರಾಯರು.

ನಲವತ್ತು ವರ್ಷ ಇಂಗ್ಲಿಷಿನಲ್ಲಿ ವಾದ ಮಾಡಿದವರು ಜೋಳ ಅಳೆಯುವವರ ರಾಗದಲ್ಲಿ ಎರಡು, ಮೂರು ಎನ್ನುತ್ತ ಹೋದರು. ತುಂಗಕ್ಕನೂ ಮೆಲ್ಲಗೆ ದನಿಗೂಡಿಸಿದರು. ಎಂಟಕ್ಕೆ ಇಬ್ಬರೂ ಒಟ್ಟಿಗೆ ಮುಟ್ಟಿದರು. ರಾಯರು ಆ ಕೊನೆಯ ಗರಿಯ ಮೇಲಿನ ಉಗುರನ್ನು ಬಹಳ ಹೊತ್ತು ತೆಗೆಯಲಿಲ್ಲ. ಪಂಚೆ ಮೈಮೇಲೆಯೇ ಒಣಗಿತು.

ಊಟವಾದ ಮೇಲೆ ತುಂಗಕ್ಕನೇ ಅಂದರು: “ಬೇಕಂದ್ರ ಒಯ್ರಿ. ಬದಲಿ ಒಂದು ಕೊಟ್ಟು ಹೋಗ್ರಿ. ಗರುಡ ಇದ್ರ ಸಾಕು, ಗರಿ ಒಂದು ಕಡಿಮಿ ಆದ್ರ ಲಕ್ಷ್ಮಿ ಏನೂ ಸಿಟ್ಟಾಗೂದಿಲ್ಲ.”

ನನ್ನ ಚೀಲದಲ್ಲಿ ಏಳು ಗರಿಯದೊಂದು ಇತ್ತು. ಇಂಥ ಮಾತು ಬಂದೀತೆಂದು ತಂದಿದ್ದೆ. ರಾಯರು ಕೈ ಅಡ್ಡ ಹಿಡಿದರು.

“ಎಣಸೋದಿತ್ತು, ಎಣಿಸಿದೆ. ಇನ್ನ ಮನ್ಯಾಗಿದ್ರೂ ನನಗ ಕಾಣೂದಿಲ್ಲ. ನೀವು ವಾರಕ್ಕೊಮ್ಮೆ ನೋಡ್ತೀರಿ. ಇಲ್ಲೇ ಇರ್ಲಿ.”

ಮರಳುವಾಗ ಗಾಡಿಯಲ್ಲಿ ಪಟ್ಟಿಯ ಸಾಲು ಹೇಳಿ ಬರೆಸಿದರು: ‘೧೮೭೮, ಎಂಟು ಗರಿ. ಇರುವ ಸ್ಥಳ: ಬಾದಾಮಿ, ತುಂಗಕ್ಕನ ದೇವರ ಜಗುಲಿ. ಹುಣಸೆಹಣ್ಣು ಉಂಡದ್ದು.’ ಅದರಿಂದ ೩೪೭ ಆಯಿತು. ಧಾರವಾಡದ ಪೆಟ್ಟಿಗೆಯಲ್ಲಿ ಎಣಿಸಿದರೆ ೩೪೬ ಮಾತ್ರ ಸಿಗುತ್ತವೆ. ತುಳಸಿಗೇರಿಯ ತಮ್ಮಾ, ಹುಡುಕಬೇಡ, ಕಡಿಮೆ ಬಿದ್ದಿಲ್ಲ. ಪುಸ್ತಕ ಮುಚ್ಚಿ ರಾಯರು, “ನಾಳೆಯಿಂದ ಏನು ಹುಡುಕೋಣೋ?” ಎಂದು ಕೇಳಿದರು. ಹುಡುಕುವುದು ಏನೂ ಉಳಿದಿರಲಿಲ್ಲ. ಹೀಗೆ ನಾನು ನಿವೃತ್ತನಾದೆ.

ಈಗ ಮತ್ತೆ ಮಗ್ಗದ ಮುಂದಿದ್ದೇನೆ. ಅಂಚಿನ ಮೊದಲ ಎಳೆ ಬನಶಂಕರಿಗೆ ಬಿಡುತ್ತೇನೆ. ಆದರೆ ಬಿಡುವಾಗ ಬಾಯಲ್ಲಿ ಲಾಭ ಎನ್ನುತ್ತೇನೆ. ಅಪ್ಪ, “ಏನಲೇ ಅದು ಹೊಸಾದು?” ಎಂದು ಕೇಳುತ್ತಾನೆ. ಆ ಗುರುವಾರದ ಡೈರಿಯಲ್ಲಿ ಇಷ್ಟೇ ಇದೆ: ನೋಡಿದ ನಾಣ್ಯ ಒಂದು. ಗರಿ ಎಂಟು. ಎಣಿಸಿದವರು ಇಬ್ಬರು. ನಾನು ಎಣಿಸಲಿಲ್ಲ.